ಹಿಡಿದ ಕೈ ಬಿಡಿಸಲು ಕೌಲಾಲಂಪುರಕ್ಕೆ

ಬೆಂಗಳೂರಿನಿಂದ ನಾಲ್ಕೂವರೆ ತಾಸು ಹಾರಿ ವಿಮಾನ ಕೌಲಾಲಂಪುರದಲ್ಲಿ ಇಳಿದಾಗ ಅಲ್ಲಿ ಮಧ್ಯಾಹ್ನ ಮೂರು ಗಂಟೆ. ನನ್ನ ಕೈಗಡಿಯಾರ ಮಾತ್ರ ಇನ್ನೂ ಗದುಗಿನ ಹನ್ನೆರಡೂವರೆಯಲ್ಲೇ ಇತ್ತು. ಬ್ಯಾಗಿನಲ್ಲಿ ನಲವತ್ತು ಖಡಕ್ ಜೋಳದ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ. ತಪಾಸಣೆಯ ಹೆಣ್ಣುಮಗಳು ಒಂದು ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ, ತಿನ್ನುವುದೇ ಹೌದಾ ಎಂದು ಕೇಳಿದಳು. ಒಂದು ಚೂರು ಮುರಿದು ಅವಳೆದುರಿಗೇ ತಿಂದು ತೋರಿಸಿದೆ. ನಕ್ಕು ಹೊರಗೆ ಬಿಟ್ಟಳು.

ಹೊರಗೆ ನನ್ನ ತಮ್ಮ ರಾಜು ನಿಂತಿದ್ದ. ಸೈಬರ್‌ಜಯಾದ ಒಂದು ಡೇಟಾ ಸೆಂಟರ್‌ನಲ್ಲಿ ಎಂಜಿನಿಯರ್. ಹದಿನೆಂಟು ವರ್ಷದಿಂದ ಇಲ್ಲೇ ಸಂಸಾರ. ನಾನು ಹುಸೇನಬಿ. ಗದುಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಟೀಚರ್ ಆಗಿ ನಿವೃತ್ತಳಾದವಳು, ಒಂದು ಕಾಲಕ್ಕೆ ಯೂನಿವರ್ಸಿಟಿ ಕಬಡ್ಡಿ ತಂಡದ ಕ್ಯಾಪ್ಟನ್. ಇದನ್ನು ಎಲ್ಲರಿಗೂ ಮೊದಲೇ ಹೇಳಿಬಿಡುವ ಚಟ ನನಗಿದೆ.

ಕಾರು ಹೆದ್ದಾರಿಗೆ ಬಿದ್ದಿತು. ಎರಡೂ ಬದಿ ತಾಳೆ ತೋಟ, ಮೇಲೆ ಕರೀ ಮೋಡ, ಒಳಗೆ ಮೈ ನಡುಗಿಸುವ ಎ.ಸಿ. ಅರ್ಧ ತಾಸಿನ ದಾರಿ. ರಾಜು ಓಡಿಸುತ್ತಲೇ ಅಂದ: “ಅಕ್ಕಾ, ಶನಿವಾರ ಕಡೀ ಮ್ಯಾಚ್. ಕಾಂಟ್ರ್ಯಾಕ್ಟ್ ಆತು ಅಂದ್ರ ಆಕಿ ಹೋಗ್ಲಿ. ಇಲ್ಲಂದ್ರ ಆಸ್ಟ್ರೇಲಿಯಾ ಬಿಟ್ಟು ಇಲ್ಲೇ ಕೆಲಸಕ್ಕ ಸೇರ್ತಾಳ. ಹಂಗಂತ ಮಾತಾಗೇತಿ.”

“ನೀ ಮ್ಯಾಚಿಗೆ ಬರ್ತೀಯಲ್ಲ?”

“ನಾ ಬರಂಗಿಲ್ಲ. ಆಕಿ ಭುಜ ಜಾರಿದ ದಿನ ವಿಡಿಯೋದಾಗ ನೋಡೀನಿ, ಅಷ್ಟು ಸಾಕು.”

ಆಕಿ ಅಂದರೆ ಅವನ ಮಗಳು ಆಫ್ರೀನ್, ಇಪ್ಪತ್ತೊಂದು ವರ್ಷ. ಆಕೆ ಆಡುವ ಆಟ ರಗ್ಬಿ ಲೀಗ್. ಅದೇನೆಂದು ನಮ್ಮ ಓಣಿಯವರಿಗೆ ಹೇಳಿ ಹೇಳಿ ಗಂಟಲು ಒಣಗಿದೆ, ಇಲ್ಲೂ ಒಮ್ಮೆ ಹೇಳುತ್ತೇನೆ. ತಂಡಕ್ಕೆ ಹದಿಮೂರು ಜನ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎದುರಾಳಿಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಬೇಕು. ಓಡುವುದು ಮುಂದಕ್ಕೆ, ಚೆಂಡು ಎಸೆಯುವುದು ಮಾತ್ರ ಹಿಂದಕ್ಕೇ. ಎದುರಿನವರು ಹಿಡಿದು ಕೆಡವುತ್ತಾರೆ. ಕೆಡವಿದ ಕೂಡಲೇ ಬಿಡಬೇಕು. ಬಿದ್ದವಳು ಎದ್ದು ಚೆಂಡನ್ನು ಕಾಲಿನಿಂದ ಹಿಂದೆ ಹೊರಳಿಸಿ ಆಟ ಮುಂದುವರಿಸುತ್ತಾಳೆ. ಹೀಗೆ ಆರು ಸಲ ಬಿದ್ದರೆ ಚೆಂಡು ಎದುರಾಳಿಗೆ. ಕಬಡ್ಡಿಯ ದೊಡ್ಡಪ್ಪನ ಮಗಳು ಅಂದುಕೊಳ್ಳಿ.

ಹನ್ನೆರಡನೇ ವಯಸ್ಸಿಗೆ ಇಲ್ಲಿನ ಶಾಲೆಯಲ್ಲಿ ಬರೀ ಮುಟ್ಟಿ ಆಡುವ ರಗ್ಬಿಯಿಂದ ಶುರು ಮಾಡಿದ ಹುಡುಗಿ ಇದು. ಹದಿನೈದಕ್ಕೆ ರಾಜ್ಯದ ಕಿರಿಯರ ತಂಡ. ಹದಿನೆಂಟಕ್ಕೆ ಆಸ್ಟ್ರೇಲಿಯಾದಲ್ಲಿ ಫಿಸಿಯೋಥೆರಪಿ ಓದಲು ಹೋಗಿ, ಅಲ್ಲಿನ ಒಂದು ಕ್ಲಬ್ಬಿನ ಆಯ್ಕೆಗೆ ಸದ್ದಿಲ್ಲದೆ ನಿಂತು, ಕಿರಿಯರ ತಂಡ ಸೇರಿದಳು. ಮರುವರ್ಷ ಎರಡನೇ ತಂಡ. ಮೊದಲು ಅಂಚಿನಲ್ಲಿ ಓಡುವ ಜಾಗ ಕೊಟ್ಟರು, ಆಮೇಲೆ ನಡುವೆ, ಕೊನೆಗೆ ಹೊಡೆತ ಹೆಚ್ಚು ಬೀಳುವ ಹದಿಮೂರನೇ ನಂಬರು. ಒಂದು ಭುಜ ಜಾರಿತು, ನಾಲ್ಕು ತಿಂಗಳು ಕೂತಳು, ಮತ್ತೆ ಎದ್ದಳು. ಮೊದಲ ತಂಡದ ಜೊತೆ ದಿನಾ ಅಭ್ಯಾಸ ಮಾಡುತ್ತಾಳೆ, ಆದರೆ ಆಡಲು ಕರೆಯುವುದಿಲ್ಲ. ಅಲ್ಲಿ ಈಗ ಉಳಿದಿರುವುದು ಒಂದೇ ಜಾಗ. ಶನಿವಾರ ಆಫ್ರೀನ್ ಮಲೇಷ್ಯಾ ಪರವಾಗಿ ಫಿಲಿಪೈನ್ಸ್ ತಂಡದ ಎದುರು ಆಡುವುದನ್ನು ಆ ಕ್ಲಬ್ಬಿನ ಕೋಚ್ ಅಲ್ಲಿಂದಲೇ ಫೋನಿನಲ್ಲಿ ನೋಡುವವನಿದ್ದ.

ಮನೆ ಹನ್ನೊಂದನೇ ಮಹಡಿ. ಬಾಗಿಲು ತೆಗೆದವಳೇ ಆಫ್ರೀನ್ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಎಪ್ಪತ್ತೆರಡು ಕಿಲೋ ನಾನು!

“ಅತ್ತಿ, ಯು ಲಾಸ್ಟ್ ವೇಟ್ ಲಾ!” ಇಲ್ಲಿನವರಂತೆ ಮಾತಿನ ಕೊನೆಗೊಂದು ‘ಲಾ’ ಅವಳಿಗೂ ಅಂಟಿದೆ.

“ಸುಳ್ಳು ಹೇಳಬ್ಯಾಡ, ಇಳಿಸು.”

ಮರುದಿನ ಗುರುವಾರ. ರಾಜು ಆಫೀಸಿಗೆ ಹೋದ, ಅವನ ಹೆಂಡತಿ ನಸೀಮಾ ರೊಟ್ಟಿಯ ಜೊತೆಗೆ ಬದನೆಕಾಯಿ ಪಲ್ಯ ಮಾಡಿದಳು. ಉಂಡು ಕೂತು ಆಫ್ರೀನ್ ತನ್ನ ಲ್ಯಾಪ್‌ಟಾಪಿನಲ್ಲಿ ಆಟದ ವಿಡಿಯೋ ತೋರಿಸತೊಡಗಿದಳು. “ನನ್ನ ಪ್ರಾಬ್ಲಮ್ ಏನು ಗೊತ್ತಾ ಅತ್ತಿ? ಕೋಚ್ ಹೇಳ್ತಾರೆ, ಹಿಡಿಯೋದ್ರಲ್ಲಿ ತಂಡಕ್ಕೇ ಬೆಸ್ಟ್ ನಾನು. ಬಿಡೋದ್ರಲ್ಲಿ ವರ್ಸ್ಟ್. ನಾನು ಲೇಟಾಗಿ ಬಿಟ್ರೆ ರೆಫರಿ ಅವರಿಗೆ ಮತ್ತೆ ಒಂದರಿಂದ ಆರು ಚಾನ್ಸ್ ಕೊಡ್ತಾರೆ. ಪ್ರತಿ ಮ್ಯಾಚಲ್ಲೂ ಮೂರು, ನಾಲ್ಕು ಸಲ.”

ನಾನು ಕನ್ನಡಕ ಏರಿಸಿಕೊಂಡು ನೋಡಿದೆ. ಓಡಿ ಬರುವ ಹುಡುಗಿ, ಕೆಳಗೆ ಬಾಗಿ ನುಗ್ಗುವ ಆಫ್ರೀನ್, ಎರಡೂ ಕೈ ಬೆಸೆದು ಪಾದದ ಗಂಟಿಗೆ ಹಾಕಿದ ಪಟ್ಟು. ಹುಡುಗಿ ದಬಕ್ಕನೆ ಬಿದ್ದಳು. ಆಫ್ರೀನ್ ಬಿಡಲಿಲ್ಲ. ಸೀಟಿ ಊದಿದರೂ ಬಿಡಲಿಲ್ಲ. ಹತ್ತು ವಿಡಿಯೋದಲ್ಲೂ ಅದೇ ಪಟ್ಟು, ಅದೇ ಮೊಂಡುತನ. ಎಂಟನೆಯದಕ್ಕೆ ಬರುವಷ್ಟರಲ್ಲಿ ನನಗೆ ಗುರುತು ಸಿಕ್ಕಿತ್ತು. ಅದು ನನ್ನ ಪಟ್ಟು!

ಹತ್ತು ವರ್ಷದವಳಿದ್ದಾಗ ಬೇಸಿಗೆ ರಜೆಗೆ ಗದುಗಿಗೆ ಬಂದವಳನ್ನು ನಮ್ಮ ಶಾಲೆಯ ಕೆಂಪು ಮಣ್ಣಿನ ಅಂಗಳಕ್ಕೆ ಇಳಿಸಿದ್ದೆ. ಕಬಡ್ಡಿಯಲ್ಲಿ ಬಂದವಳ ಉಸಿರು ಮುಗಿಯುವ ತನಕ ಹಿಡಿದಿಟ್ಟರೇ ಗೆಲುವು. ಗೆರೆ ಮುಟ್ಟಲು ಅವಳು ಒಂದು ಬೆರಳು ಚಾಚಿದರೂ ಕೆಟ್ಟಿತು. “ಹಿಡದಮ್ಯಾಲೆ ಸತ್ತರೂ ಬಿಡಬ್ಯಾಡ” ಎಂದು ಎರಡು ತಿಂಗಳು ಆ ಕೂಸಿನ ಕಿವಿಯಲ್ಲಿ ಕೂಗಿದವಳು ನಾನೇ.

“ಆಫ್ರೀನ್, ಇದು ನನ್ನ ತಪ್ಪವ್ವಾ,” ಅಂದೆ. ನಾಚಿಕೆಯಾಯಿತು. ಮಗುವಿನ ಬಾಳಿಗೆ ಕಲ್ಲು ಹಾಕಿದೆನಲ್ಲ ಅನಿಸಿತು.

ಆಕೆ ಗಹಗಹಿಸಿ ನಕ್ಕಳು. “ಐ ನೋ ಲಾ! ಗ್ರೌಂಡಲ್ಲಿ ಈಗ್ಲೂ ನಿಮ್ಮ ವಾಯ್ಸೇ ಕೇಳತ್ತೆ. ಕೋಚ್ ಏನ್ ಕೂಗಿದ್ರೂ ನಿಮ್ಮದೇ ಜೋರು.”

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಎಂದೇನೂ ಇಲ್ಲ, ಚೆನ್ನಾಗಿಯೇ ಮಲಗಿದೆ. ಆದರೆ ಬೆಳಿಗ್ಗೆ ಏಳಕ್ಕೆ ಆಕೆಯನ್ನು ಎಬ್ಬಿಸಿ, ಈಜುಕೊಳದ ಪಕ್ಕದ ಹುಲ್ಲಿಗೆ ಇಳಿಸಿದೆ. ಚೆಂಡಿನ ಬದಲು ನನ್ನ ಕಂಕುಳಲ್ಲಿ ನಸೀಮಾಳ ಅಡುಗೆಮನೆಯ ಒಂದು ತೆಂಗಿನಕಾಯಿ. ಬಿಡು ಬಿಡು ಎಂದು ಕೂಗಿದರೆ ಕೈ ಕೇಳುವುದಿಲ್ಲ. ಕೈಗೆ ಬೇರೆ ಕೆಲಸ ಕೊಡಬೇಕು. ಕಬಡ್ಡಿಯಲ್ಲಿ ಆ ಕೆಲಸ ಮೊದಲೇ ಇದೆ. ಎದುರಾಳಿಯನ್ನು ಹಿಡಿದು ಕೆಡವಿದ ಮೇಲೆ ನಾವೆಲ್ಲ ಏನು ಮಾಡುತ್ತೇವೆ? ತೊಡೆ ತಟ್ಟುತ್ತೇವೆ. ತಟ್ಟಬೇಕಾದರೆ ಕೈ ಖಾಲಿ ಇರಬೇಕಲ್ಲ!

“ಹಿಡಿ, ಕೆಡವು, ತೊಡೆ ತಟ್ಟು. ಆಕಿ ಬಿದ್ದ ಸಪ್ಪಳ ಆದಕೂಡ್ಲೆ ತಟ್ಟಬೇಕು,” ಅಂದೆ.

“ಯಾರನ್ನ ಕೆಡವಲಿ?”

“ನನ್ನ.”

“ಅತ್ತಿ, ನಿಮಗೆ ಸಿಕ್ಸ್ಟಿ ಒನ್!”

“ನಿಮ್ಮಪ್ಪ ಆಫೀಸಿಗೆ ಹೋಗ್ಯಾನ, ನೋಡಂಗಿಲ್ಲ. ಬಾ.”

ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ಓಡಿದೆ. ಪುಣ್ಯಾತ್ಗಿತ್ತಿ ಹಗುರಾಗಿಯೇ ಕೆಡವಿದಳು, ಆದರೂ ಹುಲ್ಲು ಬಾಯಿಗೆ ಹೋಯಿತು. ಮೊದಲ ಆರು ಸಲ ಕೈ ಬಿಡಲಿಲ್ಲ. ಏಳನೆಯದಕ್ಕೆ ಫಟ್ ಎಂದು ತೊಡೆ ತಟ್ಟಿದ ಸದ್ದು. ಮೂರನೇ ಮಹಡಿಯಿಂದ ಯಾರೋ ಇಣುಕಿದರು. ಹನ್ನೊಂದನೇ ಸಲ ನಾನು ಬಿದ್ದಿದ್ದಾಗ ಕಾವಲಿನ ನೇಪಾಳಿ ಲಾಠಿ ಹಿಡಿದು ಓಡಿ ಬಂದ.

“ಮೇಡಂ! ಮೇಡಂ, ಓಕೆ? ಪೊಲೀಸ್?”

ನಾನು ಮಲಗಿದಲ್ಲೇ ಕೈ ಬೀಸಿ, “ನೋ ಪೊಲೀಸ್, ಟ್ರೈನಿಂಗ್” ಎಂದೆ. ಅವನು ನನ್ನನ್ನೂ ತೆಂಗಿನಕಾಯಿಯನ್ನೂ ಒಂದೊಂದು ಸಲ ನೋಡಿದ. ಆಮೇಲೆ ಲಾಠಿ ಪಕ್ಕಕ್ಕಿಟ್ಟು, ನನ್ನ ಮಂಡಿಯ ಸ್ಥಿತಿಗೆ ಮರುಗಿ, ತಾನೇ ಕಾಯಿ ಎತ್ತಿಕೊಂಡು ಓಡಿದ. ಇಪ್ಪತ್ತು ಸಲ ಬಿದ್ದ, ಪಾಪ. ಇಪ್ಪತ್ತು ಸಲವೂ ತೊಡೆಯ ಸದ್ದು ಕೇಳಿತು. ನಸೀಮಾ ಅವನಿಗೆ ಚಹಾ, ರೊಟ್ಟಿ ಕೊಟ್ಟಳು.

ಶನಿವಾರ ಆಫ್ರೀನ್ ತಂಡದ ಬಸ್ಸಿನಲ್ಲಿ ಮುಂಚೆಯೇ ಹೋದಳು. ನಸೀಮಾ ಮತ್ತು ನಾನು ಸೈಬರ್‌ಜಯಾದಿಂದ ರೈಲು ಹಿಡಿದು, ಎರಡು ಕಡೆ ಬದಲಿಸಿ, ಮೈದಾನವಿದ್ದ ಬಾಂಗ್ಸಾರ್‌ನಲ್ಲಿ ಇಳಿದೆವು. ಒಂದೂವರೆ ತಾಸು ಹಿಡಿಯಿತು. ಕಾರಿದ್ದೂ ರೈಲಿನಲ್ಲಿ ಹೋಗುವವರು ಇಲ್ಲಿ ಕಡಿಮೆ ಎಂದು ನಸೀಮಾ ಅಂದಳು. ಕಾರಿನ ಯಜಮಾನ ಮನೆಯಲ್ಲಿ ಮೋರೆ ಊದಿಸಿಕೊಂಡು ಕೂತಿದ್ದ. ಮೂವತ್ತಮೂರು ಡಿಗ್ರಿ ಸೆಕೆ, ಕುತ್ತಿಗೆಯ ಬೆವರು ಬೆನ್ನಿಗೆ ಇಳಿಯುತ್ತಿತ್ತು. ಮೈದಾನದ ಒಂದು ಬದಿಗೆ ಮೆಟ್ಟಿಲು, ಮುನ್ನೂರು ಜನ ಇದ್ದಿರಬಹುದು. ನನ್ನ ಪಕ್ಕ ಒಬ್ಬ ತಮಿಳು ಹೆಂಗಸು ಖಾರದ ಕಡಲೆ ಮೆಲ್ಲುತ್ತ ಕೂತಿದ್ದಳು, ಅವಳ ಮಗಳೂ ತಂಡದಲ್ಲಿದ್ದಳು.

ನಾಲ್ಕೂವರೆಗೆ ಆಟ ಶುರುವಾಯಿತು. ಐದೇ ನಿಮಿಷಕ್ಕೆ ಆಫ್ರೀನ್ ಒಬ್ಬಳನ್ನು ಕೆಡವಿದಳು, ಬಿಡಲಿಲ್ಲ. ರೆಫರಿ ಕೈ ಎತ್ತಿದ. ಎಣಿಕೆ ಮತ್ತೆ ಒಂದರಿಂದ. ಅಯ್ಯೋ ನನ್ನ ಕರ್ಮವೇ! ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಮೂವತ್ತೊಂದು ವರ್ಷ ಗದುಗಿನ ಮೈದಾನ ನಡುಗಿಸಿದ ಗಂಟಲಿನಲ್ಲಿ ಕೂಗಿದೆ: “ತೊಡಿ ತಟ್ಟೂ!”

ಮುನ್ನೂರು ಜನ ತಿರುಗಿ ನೋಡಿದರು. ಆಫ್ರೀನ್ ಕೂಡ ನೋಡಿದಳು. ಮುಂದಿನ ಸಲ ಕೆಡವಿದವಳೇ ಫಟ್ಟನೆ ತೊಡೆ ತಟ್ಟಿ ಎದ್ದಳು. ನಾನೂ ಇಲ್ಲಿ ತಟ್ಟಿದೆ. ತಮಿಳು ಹೆಂಗಸು “ಎನ್ನಕ್ಕಾ ಇದು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೂ ತಟ್ಟಿದಳು. ಅರ್ಧ ಆಟ ಮುಗಿಯುವಷ್ಟರಲ್ಲಿ ನಮ್ಮ ಸಾಲಿನ ಮಲಯ ಅಜ್ಜಂದಿರೂ ತಟ್ಟುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಒಂದು ಪ್ಲಾಸ್ಟಿಕ್ ಚೀಲ ನನ್ನ ಮಡಿಲಿಗೆ ಬಿತ್ತು.

“ನಾಸಿ ಲೆಮಾಕ್ ತಪಾವ್ ಮಾಡಿಸ್ಕೊಂಡು ಬಂದೆ. ನೀವು ಉಪವಾಸ ಇರ್ತೀರಿ ಅಂತ, ಅಷ್ಟ,” ಅಂದ ರಾಜು. ಕಟ್ಟಿಸಿ ತಂದ ಅನ್ನವನ್ನು ಯಾರೂ ಬಿಚ್ಚಲಿಲ್ಲ. ಅವನು ನಿಂತೇ ನೋಡಿದ.

ಕೊನೆಯ ಎರಡು ನಿಮಿಷ. ನಮ್ಮವರು ಹದಿನಾರು, ಅವರು ಹದಿನಾಲ್ಕು. ಚೆಂಡು ಅವರ ಕೈಯಲ್ಲಿ, ನಮ್ಮ ಗೆರೆಗೆ ಹತ್ತೇ ಹೆಜ್ಜೆ. ಒಮ್ಮೆ ತಡವಾಗಿ ಬಿಟ್ಟರೂ ಅವರಿಗೆ ಮತ್ತೆ ಆರು ಅವಕಾಶ, ಗೆರೆ ದಾಟಿದರೆ ನಾಲ್ಕು ಅಂಕ. ಒಂದನೆಯದನ್ನು ಆಫ್ರೀನ್ ಕೆಡವಿದಳು, ಫಟ್. ಎರಡನೆಯದು ಬೇರೆಯವಳು. ಮೂರು, ನಾಲ್ಕು ಆಫ್ರೀನ್, ಫಟ್, ಫಟ್. ಐದನೆಯವಳು ಎಷ್ಟು ದಪ್ಪ ಇದ್ದಳೆಂದರೆ ಮೂವರು ಬೇಕಾಯಿತು. ರಾಜು ನನ್ನ ಹೆಗಲನ್ನು ಹಿಸುಕುತ್ತಿದ್ದ, ಅವನಿಗೆ ಅದರ ಖಬರೇ ಇರಲಿಲ್ಲ. ಆರನೆಯವಳು ಅಂಚಿನಿಂದ ನುಗ್ಗಿದಳು. ಆಫ್ರೀನ್ ಅಡ್ಡಡ್ಡ ಹಾರಿ ಪಾದಕ್ಕೆ ಪಟ್ಟು ಹಾಕಿದಳು. ಇಬ್ಬರೂ ಗೆರೆಯ ಈಚೆಗೇ ಬಿದ್ದರು. ನನಗೆ ರೆಫರಿಯ ಕೈ ಬಿಟ್ಟು ಬೇರೇನೂ ಕಾಣಲಿಲ್ಲ. ಕೈ ಏಳಲಿಲ್ಲ. ಚೆಂಡು ನಮ್ಮವರಿಗೆ ಬಂತು. ಇನ್ನೊಂದು ನಿಮಿಷಕ್ಕೆ ಸೀಟಿ ಊದಿದರು.

ರಾಜು ಅಳುತ್ತಿದ್ದ. “ಕಣ್ಣಾಗ ಬೆವರು ಹೋತು,” ಅಂದ. ಹೌದಪ್ಪಾ ಹೌದು, ಬೆವರೇ.

ಆಮೇಲೆ ಹತ್ತಿರದ ಮಾಮಕ್ ಹೋಟೆಲಿಗೆ ಹೋದೆವು. ರಸ್ತೆಯ ಪಕ್ಕ ಮೇಜು ಹಾಕಿ ದಿನವಿಡೀ ಚಹಾ, ಪರೋಟ ಕೊಡುವ ಜಾಗ. ಎತ್ತರದಿಂದ ಸುರಿದ ನೊರೆ ಚಹಾ, ಬಿಸಿ ರೊಟ್ಟಿ ಚನಾಯ್, ಬೇಳೆಸಾರು. ಆಫ್ರೀನ್ ನಾಲ್ಕು ತಿಂದಳು, ನಾನು ಮೂರು. ಫೋನು ಮೇಜಿನ ನಡುವೆ ಇಟ್ಟಿದ್ದೆವು, ಯಾರೂ ಅದರ ಕಡೆ ನೋಡುತ್ತಿಲ್ಲ ಎಂದು ಎಲ್ಲರೂ ನಟಿಸುತ್ತಿದ್ದೆವು. ಐದನೆಯದನ್ನು ಹೇಳುವಷ್ಟರಲ್ಲಿ ಅದು ಬೆಳಗಿತು. ಕೋಚ್ ಬರೆದಿದ್ದ: ಇವತ್ತು ತಡವಾಗಿ ಬಿಟ್ಟದ್ದು ಒಂದೇ ಸಲ. ಒಂದನ್ನು ನಾನು ಸಹಿಸಿಕೊಳ್ಳಬಲ್ಲೆ. ಮೊದಲ ತಂಡ, ಎರಡು ವರ್ಷ. ಕಾಗದ ಸೋಮವಾರ ಬರುತ್ತದೆ. ಆ ತೊಡೆಯ ವ್ಯವಹಾರ ಏನೆಂದು ಬಂದ ಮೇಲೆ ವಿವರಿಸು.

ಆಫ್ರೀನ್ ಕಿರುಚಿದ್ದಕ್ಕೆ ಅಡುಗೆಯವನು ಸೌಟು ಹಿಡಿದು ಹೊರಗೆ ಬಂದ. ನಸೀಮಾ ಅವನಿಗೇ ಸುದ್ದಿ ಹೇಳಿದಳು. ನಾನು ಕೂತಲ್ಲೇ ಫಟ್ಟನೆ ತೊಡೆ ತಟ್ಟಿದೆ.

ಮಂಗಳವಾರ ಸಂಜೆ ಆಫ್ರೀನ್ ಆಸ್ಟ್ರೇಲಿಯಾಕ್ಕೆ ಹೊರಟಳು, ಬುಧವಾರ ಬೆಳಿಗ್ಗೆ ನಾನು ಊರಿಗೆ. ಬೆಂಗಳೂರಿನಲ್ಲಿ ಇಳಿದು ಪಾಸ್‌ಪೋರ್ಟ್ ಸಾಲಿನಲ್ಲಿ ನಿಂತಾಗ ಫೋನಿಗೆ ಜೀವ ಬಂತು. ಮನೆಯ ಗುಂಪಿನಲ್ಲಿ ಆಕೆ ಒಂದು ಫೋಟೊ ಹಾಕಿದ್ದಳು: ಆ ದೇಶಕ್ಕೆ ಕಾಲಿಡುವವರು ವಿಮಾನದಲ್ಲಿ ತುಂಬುವ ಚೀಟಿ. ಮೂರು ವರ್ಷ ವಿದ್ಯಾರ್ಥಿನಿ ಎಂದು ಬರೆಯುತ್ತಿದ್ದ ಉದ್ಯೋಗದ ಸಾಲಿನಲ್ಲಿ ಈ ಸಲ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು: ರಗ್ಬಿ ಲೀಗ್ ಆಟಗಾರ್ತಿ. ಅದರ ಕೆಳಗೆ ರಾಜುವಿನ ಉತ್ತರ ಆಗಲೇ ಬಂದಿತ್ತು: “ಅಕ್ಷರ ಇನ್ನಷ್ಟು ದುಂಡಗ ಬರಿಯವ್ವಾ, ಕೆಲಸ ಏನಂತ ಆಫೀಸರ್‌ಗೆ ಓದಾಕ ಬರಬೇಕಲ್ಲ.”

ನನ್ನ ಹಿಂದೆ ನಿಂತಿದ್ದ ಗುರುತಿಲ್ಲದ ಹೆಣ್ಣುಮಗಳಿಗೆ ಫೋನು ಚಾಚಿದೆ. “ನನ್ನ ತಮ್ಮನ ಮಗಳ ಚೀಟಿ ಇದು,” ಅಂದೆ.

“ಏನು ಮಾಡ್ತಾರೆ ಅವರು?” ಕೇಳಿದಳು, ಪಾಪ, ಸೌಜನ್ಯಕ್ಕೆ.

“ಓದ್ರಿ,” ಅಂದೆ. “ಜೋರಾಗಿ ಓದ್ರಿ.”