ಸೊಲ್ಲು ಕೆಳಗೆ ಬೀಳದ ಹಾಗೆ

ಬಸವೇಶ್ವರಿ ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಆಳಂದದ ಬಸ್ ಸ್ಟ್ಯಾಂಡ್ ಎದುರು ಹೊಲಿಗೆ ಅಂಗಡಿ ನಡೆಸುವ ಗಟ್ಟಿಗಿತ್ತಿ ಅವಳು. ಯಾವ ಗಿರಾಕಿ ಎಷ್ಟು ತಕರಾರು ತೆಗೆದರೂ ಜಗ್ಗಿದವಳಲ್ಲ. ಅಂಥವಳು ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಸಭಾಂಗಣದ ಹಿಂದೆ ನನ್ನ ಮೊಣಕೈ ಹಿಡಿದುಕೊಂಡು, "ಸಂಘಮಿತ್ರಾ, ಇವತ್ತ ನನ್ನ ಬಾಯಿ ನೀನ ಮುಚ್ಚಬೇಕ ನೋಡವಾ" ಎಂದಳು.

ನಾವು ಹಾಡಲಿದ್ದದ್ದು ಇನ್ನೂರು ವರ್ಷಕ್ಕೂ ಹಿಂದೆ ಯುರೋಪಿನ ಚರ್ಚಿನ ಪೂಜೆಗೆಂದು ಕಟ್ಟಿದ ಲ್ಯಾಟಿನ್ ಗಾಯನ. ದಪ್ಪ ದನಿಯ ಹೆಂಗಸರು ಬೇಕೆಂದಾಗ ಅವಳನ್ನು ನಮ್ಮ ವೃಂದಗಾನದ ಗುಂಪಿಗೆ ಕರೆತಂದವಳು ನಾನೇ. ಕೊನೆಯ ಭಾಗ 'ದೋನಾ ನೋಬಿಸ್ ಪಾಚೆಮ್', ನಮಗೆ ಶಾಂತಿ ಕೊಡು ಅಂತ. ಅವಳ ನೆಮ್ಮದಿ ಕೆಡಿಸಿದ್ದು ಅದೇ. ಜೋರಾಗಿ ಹಾಡುತ್ತ ಹೋದವರೆಲ್ಲ ಒಂದು ಕಡೆ ಗಕ್ಕನೆ ನಿಲ್ಲಬೇಕು. ಪಿಯಾನೋ ಕೂಡ ಸುಮ್ಮನಾಗುತ್ತದೆ. ಆ ಮೌನ ಮುಗಿದ ಮೇಲೆ ಮೆಲ್ಲಗೆ ಕೊನೆಯ ಸಾಲು.

ಆ ಮೌನ ಅವಳ ಕೈಲಿ ಆಗುತ್ತಿರಲಿಲ್ಲ. ಅವಳು ಬೆಳೆದದ್ದು ತಾಯಿ ಸುಭದ್ರಾಬಾಯಿಯ ಭಜನಾ ಮಂಡಳಿಯಲ್ಲಿ. ಅಲ್ಲಿ ಮುಂದೆ ಹಾಡುವವರ ಉಸಿರು ನಿಂತರೆ ಹಿಂದಿನವರು ತಟ್ಟನೆ ಸೊಲ್ಲು ಎತ್ತಿಕೊಳ್ಳಬೇಕು. ಹಾಡು ಕೆಳಗೆ ಬೀಳಬಾರದು. ಹೀಗಾಗಿ ತಾಲೀಮಿನಲ್ಲಿ ಮೌನ ಬಂದಾಗಲೆಲ್ಲ ಇವಳೊಬ್ಬಳ ದನಿ ಸಭಾಂಗಣ ತುಂಬುತ್ತಿತ್ತು. ಕಾಲೇಜು ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು. ಹಾಡಿಸುವ ದೇವಾನಂದ ಸರ್ ಕೊನೆಗೆ ಹೇಳಿಯೇಬಿಟ್ಟರು: "ಅಕ್ಕಾರ, ಸ್ಟೇಜ್ ಮ್ಯಾಲೂ ಹಂಗ ಆದ್ರ ಮುಂದ ನಿಮ್ಮನ್ನ ಕರಿಯಾಕ ಆಗಂಗಿಲ್ರಿ."

ಮಂಡಳಿಯವರಿಗೆಲ್ಲ ವಯಸ್ಸಾಗಿ ಅದು ಎಂದೋ ನಿಂತುಹೋಗಿತ್ತು. ಬಸವೇಶ್ವರಿಗೆ ಹಾಡಲು ಉಳಿದದ್ದು ಇದೊಂದೇ ಜಾಗ. ಇದೂ ತಪ್ಪಿದರೆ ಎಂಬ ಚಿಂತೆಯಲ್ಲಿ ಅವಳು ಊಟ ಸಹ ಬಿಟ್ಟಿದ್ದಳು.

ಅವತ್ತು ಕೇಳಲು ಬಂದವರ ಮುಂದಿನ ಸಾಲಿನಲ್ಲಿ ಸುಭದ್ರಾಬಾಯಿ ಕೂತಿದ್ದರು. ಮಗಳು ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡು ಕಲಿಯುವಾಗ, ತೊಗರಿ ಹಸನು ಮಾಡುತ್ತ ಕೇಳಿ ಕೇಳಿ ಹಾಡಿನ ಆ ಕೊನೆಯ ಸಾಲು ಅವರ ಬಾಯಿಗೂ ಹತ್ತಿತ್ತು.

ಹಾಡು ಏರಿತು. ಬಸವೇಶ್ವರಿ ನನ್ನ ಕೈ ಹಿಡಿದೇ ಹಾಡುತ್ತಿದ್ದಳು. ಉಗುರು ಅಂಗೈಗೆ ಚುಚ್ಚುತ್ತಿತ್ತು. ನಿಲ್ಲಿಸಿ ಎಂಬಂತೆ ಸರ್ ಕೈ ಎತ್ತಿ ಮುಷ್ಟಿ ಬಿಗಿದರು. ಎಲ್ಲರೂ ಹಾಡು ನಿಲ್ಲಿಸಿದೆವು. ಅವಳೂ ಹಲ್ಲು ಕಚ್ಚಿ ಸುಮ್ಮನಾದಳು. ಗೆದ್ದೆಯಲ್ಲೇ ಮಾರಾಯ್ತಿ ಅಂದುಕೊಂಡೆ.

"ದೋನಾ ನೋಬಿಸ್..."

ದನಿ ಎದ್ದದ್ದು ಮುಂದಿನ ಸಾಲಿನಿಂದ. ಸುಭದ್ರಾಬಾಯಿ! ಮಗಳ ಉಸಿರು ಕಟ್ಟಿತೆಂದು ಸೊಲ್ಲು ಎತ್ತಿಕೊಂಡಿದ್ದರು. ಜನ ಹೊರಳಿ ನೋಡಿದರು, ಯಾರೋ ನಕ್ಕರು. ಸರ್ ಮುಷ್ಟಿ ಇನ್ನೂ ಮೇಲೆಯೇ ಇತ್ತು. ಎಪ್ಪತ್ತು ದಾಟಿದ ಆ ದನಿ ನಡುಗುತ್ತ, ಕೂಡಿಕೊಳ್ಳುವವರಿಗೆ ಕಾಯುತ್ತ, ಒಂಟಿಯಾಗಿ ಹೋಗುತ್ತಿತ್ತು.

ಬಸವೇಶ್ವರಿ ಸರ್ ಕಡೆ ನೋಡಿದಳು. ಆಮೇಲೆ ಅವ್ವನ ಕಡೆ. ನನ್ನ ಕೈ ಬಿಟ್ಟಳು, ಬಾಯಿ ತೆರೆದು ಕೂಡಿಕೊಂಡಳು.

ಆ ಬಾಯಿ ಮುಚ್ಚಬೇಕಾದವಳು ನಾನು. ನಾನೂ ಹಾಡಿದೆ.

ಮುಗಿದ ಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ನಿಂತೆವು. ದೇವಾನಂದ ಸರ್ ನಮ್ಮತ್ತ ನೋಡದೆ ಕಾರು ಹತ್ತಿದರು. ಸುಭದ್ರಾಬಾಯಿ ಮಗಳ ಬೆನ್ನು ಸವರುತ್ತ ಕೇಳಿದರು, "ಉಸರ ಸಿಕ್ಕೊಂಡಿತ್ತೇನ ಬೇ?"

ಬಸವೇಶ್ವರಿ ಕಾರು ಗೇಟು ದಾಟುವವರೆಗೂ ನೋಡಿದಳು.

"ಹೂಂ ಅವ್ವಾ. ನೀ ಎತ್ಕೊಂಡಿ, ಹಾಡ ಉಳೀತು."