ಮಾವನ ಎಡಗೈ

ಆದೋನಿಯಲ್ಲಿ ನಮ್ಮ ಮನೆಯಲ್ಲಿದ್ದಷ್ಟು ಹಾಸಿಗೆ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಮಲಗುವವರು ನಾವೇ ನಾಲ್ವರು. ಹಾಸಿಗೆಗಳು ಮಾತ್ರ ಅಟ್ಟದಲ್ಲಿ, ಪಡಸಾಲೆಯಲ್ಲಿ, ಕೊನೆಗೆ ದೇವರ ಕೋಣೆಯ ಬಾಗಿಲವರೆಗೂ. ಅವನ್ನೆಲ್ಲ ಬಿಸಿಲಿಗೆ ಹಾಕಿ ತೆಗೆಯುವ ಕರ್ಮ ಯಾರದು? ಸೊಸೆಯದು, ಅಂದರೆ ನನ್ನದು. ಹಾಗಾಗಿ ಇದನ್ನು ಹೇಳುವ ಹಕ್ಕೂ ನನ್ನದೇ.

ನನ್ನ ಮಾವ ಸೋಮಶೇಖರಪ್ಪ ಹತ್ತಿ ವ್ಯಾಪಾರಿ. ಅಂಗಡಿಯಲ್ಲಿ ಕೂತರೆ ಹುಲಿ. ಆದರೆ ಅವರ ಜೀವವೆಲ್ಲ ಇದ್ದದ್ದು ಮಠದ ಸೋಮವಾರದ ಭಜನೆಯಲ್ಲಿ, ಅಲ್ಲಿನ ತಬಲಾದ ಮುಂದೆ. ಅವರಪ್ಪ ಕೂತು ನುಡಿಸಿದ ಜಾಗ ಅದು. ಮಾವ ಯಾರ ಹತ್ತಿರವೂ ಕಲಿತವರಲ್ಲ, ಕೇಳಿ ಕೇಳಿ ಕೈ ಹಾಕಿದವರು. ಬಲಗೈ ಚುರುಕಾಗಿಯೇ ಓಡುತ್ತಿತ್ತು. ಎಡಗೈಯ ಡಗ್ಗಾ ಮಾತ್ರ ಹಲಗೆ ಬಡಿದಂತೆ ದಬ್ ದಬ್ ಅನ್ನುತ್ತಿತ್ತು. ಡಗ್ಗಾದ ದಪ್ಪ ದನಿ ಗುಂಯ್ ಎಂದು ಏಳದಿದ್ದರೆ ಹಾಡುವವರಿಗೆ ಆಸರೆಯೇ ಇರುವುದಿಲ್ಲ.

ಕರ್ನೂಲು ಆಂಧ್ರಕ್ಕೆ ರಾಜಧಾನಿಯಾಗಿದ್ದ ಕಾಲ. ಯುಗಾದಿ ಮುಗಿದ ಮೇಲೆ ಭಜನೆ ಮೇಳದ ಹಿರಿಯರು ರೇವಣಸಿದ್ದಯ್ಯನವರು ಮನೆಗೇ ಬಂದು ಕೂತರು.

“ಸೋಮಣ್ಣ, ಸಿಟ್ಟಾಗಬ್ಯಾಡ. ಶ್ರಾವಣದ ಕಡೀ ಸೋಮವಾರ ಪೆದ್ದಕಡುಬೂರಿನ ಮೇಳ ನಮ್ಮ ಮಠಕ್ಕ ಬರತೈತಿ. ಅಷ್ಟರಾಗ ನಿನ್ನ ಎಡಗೈ ಸುಧಾರಿಸಬೇಕು. ಇಲ್ಲಾಂದ್ರ ಬ್ಯಾರೆಯವರ್ನ ಕೂಡಸ್ತೀವಿ. ದಸ್ತಗಿರಿ ಹತ್ರ ಪಾಠ ಹೇಳಿಸ್ಕೊಳ್ಳಪಾ.”

ದಸ್ತಗಿರಿ ಪಿಂಜಾರರವನು. ನಾಟಕ ಕಂಪನಿಯಲ್ಲಿ ತಬಲಾ ನುಡಿಸುತ್ತಿದ್ದವನು, ಕಂಪನಿ ಮುಚ್ಚಿದ ಮೇಲೆ ಊರಿಗೆ ಬಂದು ಹತ್ತಿ ಹಿಂಜಿ ಹಾಸಿಗೆ ತುಂಬುವ ಮನೆತನದ ಕೆಲಸಕ್ಕೆ ಇಳಿದಿದ್ದ. ನಮ್ಮ ಅಂಗಡಿಯ ಮೆಟ್ಟಿಲಲ್ಲಿ ಕೂರುವವನು. ಅವನ ಶಿಷ್ಯನಾಗುವುದೆಂದರೆ ತಟ್ಟೆಯಲ್ಲಿ ಬೆಲ್ಲ, ಕಡಲೆ ಹಿಡಿದು ಪೇಟೆಯ ನಡುವೆ ನಡೆದು ಹೋಗಬೇಕು, ಕಾಲು ಮುಟ್ಟಬೇಕು.

“ಪಿಂಜಾರನ ಕಾಲು ಮುಟ್ಟಲೇನು? ನನ್ನಷ್ಟಕ್ಕ ನಾನಾ ಕಲೀತೀನಿ ತಗೊ!” ಅಂದರು ಮಾವ.

ಹೇಗೆ ಕಲಿತರು ಗೊತ್ತೇ? ದಸ್ತಗಿರಿಗೆ ಹಾಸಿಗೆ ಮಾಡಲು ಹೇಳಿಕಳಿಸಿದರು! ಅವನು ಹಗಲೆಲ್ಲ ಅಂಗಳದಲ್ಲಿ ಹತ್ತಿ ಹಿಂಜುವುದು. ಹಿಂಜುವ ಆಳೆತ್ತರದ ಬಿಲ್ಲಿನ ಭಾರವನ್ನೆಲ್ಲ ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಅದರ ತಂತಿ ಬಡಿಯುವುದು. ಸಂಜೆಯಾದರೆ ಮಾವ ತಬಲಾ ಹೊರಗೆ ತಂದಿಟ್ಟು, “ದಣದೀದಿ, ಹಂಗ ಬ್ಯಾಸರಕ್ಕ ಒಂದೀಟು ನುಡಸಲೇ ದಸ್ತಗಿರಿ,” ಅನ್ನುವರು. ಅವನು ನುಡಿಸುವನು. ಇವರು ಬೀಸಣಿಗೆ ಬೀಸಿಕೊಳ್ಳುತ್ತ ಅವನ ಎಡಗೈಯನ್ನೇ ನುಂಗುವಂತೆ ನೋಡುವರು. ಅವನು ಅತ್ತ ಹೋದನೋ ಇಲ್ಲವೋ, ಕೋಣೆಯ ಬಾಗಿಲು ಹಾಕಿಕೊಂಡು ದಬ್ ದಬ್. ಒಂದು ಹಾಸಿಗೆ ಮುಗಿದರೆ ಇನ್ನೊಂದು. ಹೊಸ ಹತ್ತಿ ಸಾಲದೆ ಹಳೆಯ ಹಾಸಿಗೆ ಬಿಚ್ಚಿ ಅದನ್ನೂ ಹಿಂಜಿಸಿದರು.

“ಮನ್ಯಾಗ ಮಂದಿಗಿಂತ ಹಾಸಿಗಿ ಹೆಚ್ಚಾಗ್ಯಾವ. ಯಾರ್ನ ಮಲಗಸ್ತೀರಿ, ಎತ್ತಿನ್ನಾ?” ಎಂದು ನಮ್ಮತ್ತೆ ಅಕ್ಕನಾಗಮ್ಮ ಕೂಗಾಡಿದರೂ ಕೇಳಲಿಲ್ಲ.

ಆಷಾಢದಲ್ಲಿ ಒಂದು ಸಂಜೆ ಮಾವ ಹುಡುಗರ ಹಾಗೆ ಕುಣಿದಾಡುತ್ತ ಒಳಗೆ ಬಂದರು. “ಗುಟ್ಟು ಸಿಕ್ತವ್ವ! ಡಗ್ಗಾ ಹೊಡಿಯೋಕಿಂತ ಮೊದಲ ಅವ ಮಣಿಕಟ್ಟು ಮ್ಯಾಲೆತ್ತಿ, ಹೊರಗ ತಿರುವಿ, ಒಂದೀಟು ತಡೀತಾನ. ಅದಾ ಪಟ್ಟು!” ಅಂದಿನಿಂದ ಅದನ್ನೇ ಹಿಡಿದು ಕೂತರು. ಊಟಕ್ಕೆ ಕೂತರೂ ಅವರ ಎಡಗೈ ತನ್ನಷ್ಟಕ್ಕೇ ಮೇಲೆದ್ದು ತಿರುಚಿಕೊಳ್ಳುತ್ತಿತ್ತು.

ಶ್ರಾವಣದ ಕಡೆಯ ಸೋಮವಾರ ಬಂತು. ಮಠದ ತುಂಬ ಜನ. ಪೆದ್ದಕಡುಬೂರಿನವರು ಎದುರಿಗೆ, ಹೆಂಗಸರು ನಾವು ಒಂದು ಪಕ್ಕಕ್ಕೆ. ದಸ್ತಗಿರಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಮೊದಲ ಹಾಡಿಗೇ ಮಾವ ಮಣಿಕಟ್ಟು ಎತ್ತಿ, ತಿರುವಿ, ತಡೆದು ಹೊಡೆದರು. ಯಾರೋ ಕಿಸಕ್ಕೆಂದರು.

“ಥೇಟ್ ದಸ್ತಗಿರಿ! ಅವನ ಸೊಟ್ಟಗೈ ಹೆಂಗ ಅಣಕಸ್ತಾರ ನೋಡ್ರಿ ಸಾವ್ಕಾರ್ರು!”

ನಗು ಮಠದ ತುಂಬ ಹರಡಿತು. ಮಾವನಿಗೆ ಆ ಮಾತು ಕೇಳಿಸಲಿಲ್ಲ. ಜನ ಮೆಚ್ಚಿದರೆಂದೇ ತಿಳಿದು ಕೈಯನ್ನು ಇನ್ನೂ ಮೇಲಕ್ಕೆತ್ತಿದರು! ದಸ್ತಗಿರಿ ತನ್ನ ಎಡಗೈಯನ್ನು ಟವಲಿನ ಕೆಳಗೆ ಮುಚ್ಚಿಕೊಂಡು ಎದ್ದು ಹೋದ. ರೇವಣಸಿದ್ದಯ್ಯನವರು ಬಾಗಿ ಮಾವನ ಕಿವಿಯಲ್ಲಿ, “ಛೇ, ನೋವಿನ ಕೈ ಅಣಕಿಸ್ತಾರೇನೊ?” ಅಂದರು. ಆಗ ತಿಳಿಯಿತು ಅವರಿಗೆ. ಕೈ ನಿಂತೇ ಹೋಯಿತು. ‘ಅಣಕಿಸಲಿಲ್ಲ, ಅವನನ್ನು ನೋಡಿ ಕಲಿತೆ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟು ಜನರೆದುರು ಅದು ಬಾಯಿಗೆ ಬರಲಿಲ್ಲ. ತಲೆ ತಗ್ಗಿಸಿ ಕೂತರು. ಬರಿಯ ತಾಳದ ಮೇಲೆ ಹಾಡು ಮುಂದುವರಿಯಿತು. ನನಗೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಬೆಳಿಗ್ಗೆ ಮಾವ ತಟ್ಟೆಗೆ ಬೆಲ್ಲ, ಕಡಲೆ ಹಾಕಿಕೊಂಡರು. “ಬಾರವ್ವ ನನ್ನ ಸಂಗಾಟ. ಒಬ್ಬನಾ ಹೋಗಾಕ ಮಾರಿ ಇಲ್ಲ ನನಗ.” ಪೇಟೆಯ ನಡುವೆಯೇ ನಡೆದೆವು. ಬಾಗಿಲಲ್ಲಿ ದಸ್ತಗಿರಿಯ ಹೆಂಡತಿ ಪೀರಮ್ಮ ನಿಂತಿದ್ದಳು.

“ಅಣಕಿಸಿಲ್ಲವ್ವ. ಕದ್ದು ಕಲೀತಿದ್ದೆ. ಅದು ಪಟ್ಟು ಅಂತ ತಿಳಿದಿದ್ದೆ,” ಅಂದರು ಮಾವ.

“ಪಟ್ಟಾ?” ಪೀರಮ್ಮನ ದನಿ ಬೀದಿಗೆಲ್ಲ ಕೇಳಿಸಿತು. “ಅದು ನೋವ್ರೀ ಸಾವ್ಕಾರ್ರ! ಯುಗಾದಿಯಾಗ ಆ ಕೈ ಚೊಲೊ ಇತ್ತು. ನಿಮ್ಮ ಮನಿ ಹಾಸಿಗಿಗೆ ಬಿಲ್ಲು ಹಿಡದು ಹಿಡದು ಹಿಂಗಾತು. ಬ್ಯಾಡ ಅಂದೆ. ಸಾವ್ಕಾರ್ರು ಕರದ್ರ ಒಲ್ಲೆ ಅನ್ನಾಕ ಬರತೈತೇನು ಅಂದ್ರು ನಮ್ಮ ಮನಿಯವ್ರು!”

ಮಾವ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಒಳಗಿಂದ ಬಂದ ದಸ್ತಗಿರಿಯ ಕಾಲನ್ನು ಬೀದಿಯಲ್ಲೇ ಬಗ್ಗಿ ಮುಟ್ಟಿದರು. ಅವನು ಗಾಬರಿಯಿಂದ ಹಿಂದೆ ಸರಿದ.

“ಒಂದ್ ಮಾತು ಕೇಳಿದ್ರ ಕಲಸ್ತಿದ್ದೆ ಸಾವ್ಕಾರ್ರ. ಈಗ ತೋರ್ಸಾಕ ಕೈ ಇಲ್ಲ. ಬಾಯಿಲೆ ಹೇಳ್ತೀನಿ, ಕೂಡ್ರಿ.”

ಒಳಗೆ ಕರೆದು ತನ್ನ ಡಗ್ಗಾ ಮುಂದೆ ಇಟ್ಟ. “ಕೈ ಸಡ್ಲ ಬಿಡ್ರಿ. ಎತ್ತಬ್ಯಾಡ್ರಿ, ತಿರುವಬ್ಯಾಡ್ರಿ. ಹಂಗಾ ಇಳಸ್ರಿ.”

ಮಾವ ಕಣ್ಣು ಮುಚ್ಚಿ ಕೈ ಇಳಿಸಹೋದರು. ಅದು ಮೇಲೆದ್ದು, ಹೊರಗೆ ತಿರುಚಿ, ತಡೆಯಿತು. ಮತ್ತೆ ಪ್ರಯತ್ನಿಸಿದರು. ಮತ್ತೆ ಹಾಗೇ. ದಸ್ತಗಿರಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಮಾವ ಆ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದು ಪೀರಮ್ಮನ ಎದುರೇ ಅತ್ತರು.