ಗೋಡೆಗಂಟಿದ ಎಣ್ಣೆಗೈ

ನಮ್ಮ ಆಸ್ಪತ್ರೆಯ ಮಾಲೀಸು ಕೋಣೆಯ ಗೋಡೆಗೆ ಸುಣ್ಣ ನಿಲ್ಲುವುದಿಲ್ಲ. ಬಳಿದ ದಿನವೇನೋ ಮದುಮಗನ ಪಂಚೆಯ ಹಾಗೆ ಬೆಳ್ಳಗೆ ಹೊಳೆಯುತ್ತದೆ. ವಾರ ಕಳೆಯುವಷ್ಟರಲ್ಲಿ ಒಳಗಿನಿಂದ ಒಂದೊಂದಾಗಿ ಎಣ್ಣೆಯ ಕೈಗಳು ಮೇಲೆದ್ದು ಬರುತ್ತವೆ. ಬಾಗಿಲಿನಿಂದ ಕಿಟಕಿಯವರೆಗೆ, ಎದೆಯೆತ್ತರದಲ್ಲಿ, ಬೆರಳಗಲಿಸಿದ ಹರಳೆಣ್ಣೆಯ ಗುರುತುಗಳ ಒಂದು ಮೆರವಣಿಗೆ. ಮುರಿದು ಕೂಡಿದ ಕಾಲಿನವರು, ವಾಯು ಬಡಿದು ಅರ್ಧ ಮೈಯನ್ನೇ ಮರೆತವರು, ಕೂಸಿನಂತೆ ಮತ್ತೆ ಮೊದಲಿನಿಂದ ಹೆಜ್ಜೆ ಕಲಿಯುವಾಗ ಹಿಡಿದುಕೊಂಡ ಗೋಡೆ ಅದು. ಮೇಲಿನವರು ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆಂದಾಗಲೆಲ್ಲ ಸುಣ್ಣದ ಮುನಿಯಪ್ಪನಿಗೆ ಕರೆ ಹೋಗುತ್ತದೆ. ಅವನು ಕುಂಚ ಅದ್ದುವ ಮೊದಲೇ ಗೊಣಗುತ್ತಾನೆ: “ಇದು ಗ್ವಾಡೆ ಅಲ್ಲ ಕಣಪ್ಪಾ, ದ್ವಾಸೆ ಕಾವಲಿ. ನಾನು ಎಷ್ಟು ಬಳುದ್ರೂ ಕೊನೇಗೆ ಎಣ್ಣೇನೇ ಗೆಲ್ಲತೈತೆ.”

ನೀವು ಎಂದಾದರೂ ಧರ್ಮಪುರಿಯ ಕಡೆ ಬಂದರೆ ಆ ಕೈಗಳಲ್ಲಿ ಒಂದನ್ನು ನಿಮಗೆ ತೋರಿಸಬೇಕೆಂಬ ಆಸೆ ನನಗಿದೆ. ಕಿಟಕಿಯ ಪಕ್ಕದ್ದು, ಮಿಕ್ಕ ಕೈಗಳಿಗಿಂತ ಕೊಂಚ ಕೆಳಗೆ, ಬೆರಳುಗಳು ಜಾರಿ ಗೀರೆಳೆದಂತೆ ಮೂಡಿರುವುದು. ಅದರ ಕಥೆಗೆ ಬರುವ ಮುನ್ನ, ಆ ಕೋಣೆಯೊಳಗೆ ನನ್ನಂಥವನು ಹೇಗೆ ಹೊಕ್ಕ ಎಂಬುದನ್ನು ಹೇಳಿಬಿಡುತ್ತೇನೆ.

ನಾನು ಅಣಕದವನು. ತೊಪ್ಪೂರು ಕಣಿವೆ ಹತ್ತುವಾಗ ಏದುಸಿರು ಬಿಡುವ ಮೋಟಾರು ಬಸ್ಸಿನಿಂದ ಹಿಡಿದು, ಕಾರಿಮಂಗಲದ ಸಂತೆಯಲ್ಲಿ ಮೂಗಿನಿಂದಲೇ ಬಳೆ ಮಾರುವ ಚೆಟ್ಟಿಯವರೆಗೆ, ನನ್ನ ಮೈಗೆ ಬಾರದ ಜೀವ ನಮ್ಮ ಸುತ್ತಮುತ್ತ ಕಡಿಮೆ. ನನ್ನ ನಡಿಗೆಯನ್ನೂ ನಾನು ಬಿಟ್ಟಿಲ್ಲ. ಕೂಗುವುದಕ್ಕೆ ಏನೂ ಇಲ್ಲದಿದ್ದರೂ ಎದೆಯುಬ್ಬಿಸಿ ತಿಪ್ಪೆ ಹತ್ತುವ ಹುಂಜವನ್ನು ನೀವು ನೋಡಿದ್ದರೆ ನನ್ನನ್ನು ನೋಡಿದಂತೆಯೇ. ಒಂದು ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಮುಂದೆ ಜಟಕಾದವರನ್ನು ನಗಿಸಲೆಂದು, ಆಗತಾನೇ ಒಳಗೆ ಹೋದ ಒಬ್ಬ ಕುಂಟನ ನಡಿಗೆಯನ್ನು ನಡೆದು ತೋರಿಸುತ್ತಿದ್ದೆ. ತಟ್ಟನೆ ನಗು ನಿಂತಿತು. ತಿರುಗಿ ನೋಡಿದರೆ ಮಿಸ್ಸಿಯಮ್ಮ: ಸಮುದ್ರದಾಚೆಯಿಂದ ಬಂದು ನಮ್ಮ ಬಿಸಿಲಿನಲ್ಲಿ ಟೊಮ್ಯಾಟೋ ಹಣ್ಣಿನ ಬಣ್ಣಕ್ಕೆ ತಿರುಗಿದ್ದ, ಬತ್ತಿದ ಕೆರೆಯಲ್ಲಿ ಕೊಕ್ಕರೆ ಕಾಲಿಡುವಂತೆ ನಡೆಯುತ್ತಿದ್ದ ದೊಡ್ಡ ನರ್ಸಮ್ಮ. ಬೈಗುಳಕ್ಕೆ ಬೆನ್ನು ಸಿದ್ಧಮಾಡಿಕೊಂಡೆ. ಆಕೆ ಬೈಯಲಿಲ್ಲ. ತನ್ನ ಮುರುಕು ತಮಿಳಿನಲ್ಲಿ ಇನ್ನೊಮ್ಮೆ ನಡೆ ಎಂದಳು. ನಡೆದೆ. “ಎಂಗೆ ವಲಿಕ್ಕುದು?” ಎಲ್ಲಿ ನೋಯುತ್ತದೆ ಎಂದು ಕೇಳಿದಳು. ಯೋಚಿಸದೆ ಸೊಂಟದ ಕೀಲನ್ನು ಮುಟ್ಟಿ ತೋರಿಸಿದೆ, ಏಕೆಂದರೆ ನಿಜವಾಗಿಯೂ ನನಗೆ ಅಲ್ಲಿ ನೋಯುತ್ತಿತ್ತು. ಆ ಕುಂಟನಿಗೆ ಮಂಡಿ ನೋವೆಂದು ಎಲ್ಲರೂ ಮಂಡಿಗೇ ಎಣ್ಣೆ ತಿಕ್ಕುತ್ತಿದ್ದರಂತೆ. ಮರುವಾರ ನಾನು ಮಾಲೀಸು ಕೋಣೆಯಲ್ಲಿದ್ದೆ.

“ಕಂಡೋರ ಕಾಲು ಒತ್ತಾಕಾ ನಿನ್ನ ಇಸ್ಕೂಲಿಗೆ ಕಳ್ಸಿದ್ದು?” ಎಂದು ಅವ್ವ ಸೆರಗು ಮೂಗಿಗಿಟ್ಟುಕೊಂಡು ಅತ್ತಳು. ನಾನೂ ಟವಲನ್ನು ಮೂಗಿಗಿಟ್ಟುಕೊಂಡು ಅದೇ ಮಾತನ್ನು ಅದೇ ರಾಗದಲ್ಲಿ ಅತ್ತೆ. ಅವ್ವನಿಗೆ ನಗು ಬಂದು ಅಳು ಕೆಟ್ಟಿತು. ಆದರೆ ಇಂದಿಗೂ ನನ್ನ ಅಂಗೈಯ ಹರಳೆಣ್ಣೆ ವಾಸನೆಗೆ ಅನ್ನದ ತಟ್ಟೆಯನ್ನು ಕೊಂಚ ದೂರದಿಂದಲೇ ನೂಕುತ್ತಾಳೆ.

ಆ ಎಣ್ಣೆಯ ಕೆಲಸ ನನಗೆ ಕಲಿಸಿದ್ದು ಇಷ್ಟು: ಕಾಲು ಬಾಯಿಗಿಂತ ಸತ್ಯವಂತ. ನೋವಿಲ್ಲ, ನೋವಿಲ್ಲ ಎಂದು ಬಾಯಿ ಶೂರನಾಗಿರುವಾಗಲೇ ಅತ್ತ ಹೆಬ್ಬೆರಳು ಮುದುರಿಕೊಂಡು ಗುಟ್ಟು ಬಿಟ್ಟುಕೊಡುತ್ತದೆ. ಹಾಗೆಂದು ಕಾಲಿನ ಜೊತೆಗಷ್ಟೇ ಮಾತಾಡುತ್ತ ಕೂತರೆ ಅದೂ ಒಲಿಯುವುದಿಲ್ಲ. ಕಾಲಿನ ಒಡೆಯನ ಮನೆ, ಹೊಲ, ಅವನಿಗಿಷ್ಟವಾದ ಹುಳಿಸೊಪ್ಪು, ಅವನು ಮುನಿದ ಭಾವಮೈದ, ಎಲ್ಲರ ಕ್ಷೇಮವನ್ನೂ ವಿಚಾರಿಸಿಕೊಂಡು ಬಳಸಿ ಬರಬೇಕು. ಸಲಿಗೆಯೆಂಬುದೂ ಎಣ್ಣೆಯಂತೆಯೇ. ತಣ್ಣಗೆ ಸುರಿದರೆ ಮೈ ಬೆಚ್ಚುತ್ತದೆ. ನಮ್ಮ ಅಂಗೈಯಲ್ಲಿ ಮೊದಲು ಕಾಯಿಸಿಕೊಳ್ಳಬೇಕು.

ಹೀಗೆಲ್ಲ ಬಲ್ಲವನಂತೆ ಬರೆಯುತ್ತಿದ್ದೇನಲ್ಲ, ಈ ನನ್ನ ಬಿಂಕವನ್ನು ಇಳಿಸಿದವನು ಬೀರಣ್ಣ.

ಬೀರಣ್ಣ ನಲ್ಲಂಪಳ್ಳಿಯಾಚೆಯ ಕುರಿಯವನು. ತಲೆ ನರೆತರೂ ಮೀಸೆ ಇನ್ನೂ ಕಪ್ಪಾಗಿ ಹಟಹಿಡಿದಿದ್ದ ಆಳು. ತೊಪ್ಪೂರಿನ ಬಂಡೆಗಳ ಮೇಲೆ ಮರಿಯೊಂದರ ಹಿಂದೆ ಹೋಗಿ ಜಾರಿ, ಬಲತೊಡೆ ಮುರಿದುಕೊಂಡು, ಮರದ ದಬ್ಬೆಯ ನಡುವೆ ತಿಂಗಳುಗಟ್ಟಲೆ ಮಲಗಿದ್ದ. ಈಗ ದಬ್ಬೆ ಬಿಚ್ಚಿತ್ತು. ಮೂಳೆ ಗಟ್ಟಿಯಾಗಿ ಕೂಡಿದೆಯೆಂದು ದೊಡ್ಡ ಡಾಕ್ಟರು ತೊಡೆಯನ್ನು ತಟ್ಟಿ ತಟ್ಟಿ ಹೇಳಿದ್ದರು. ಆದರೆ ಬೀರಣ್ಣ ಆ ಕಾಲನ್ನು ನೆಲಕ್ಕೆ ಊರಲೊಲ್ಲ. ಎಡಗಾಲ ಮೇಲೆ ನಿಲ್ಲುವನು, ಮಂಚ ಹಿಡಿಯುವನು, ಬಲಗಾಲನ್ನು ಮಾತ್ರ ಬೇರೆ ಯಾರದೋ ಸಾಮಾನನ್ನು ಇಟ್ಟುಕೊಂಡವನ ಹಾಗೆ ಎತ್ತಿಯೇ ಇರುವನು. ಊರದೆ ಹೋದರೆ ಮಂಡಿ ಸೆಟೆದು ಮರವಾಗುತ್ತದೆ. ಈ ವಾರವೂ ಆಗದಿದ್ದರೆ ಊರುಗೋಲು ಕೊಟ್ಟು ಮನೆಗೆ ಕಳಿಸಿಬಿಡಿ, ಮಂಚ ಬೇರೆಯವರಿಗೆ ಬೇಕು ಎಂದು ಡಾಕ್ಟರು ಹೇಳಿಹೋದರು. ಬಡಗಿ ಮಾಡಿಕೊಟ್ಟ, ಕಂಕುಳಿಗೆ ಕೊಡುವ ಎರಡು ಊರುಗೋಲುಗಳು ಬಂದು ಬಾಗಿಲ ಮೂಲೆಯಲ್ಲಿ ನಿಂತವು. ಬೀರಣ್ಣ ಅತ್ತ ಮುಖವನ್ನೇ ತಿರುಗಿಸಲಿಲ್ಲ.

ಎರಡು ಕೈಯೂ ಊರುಗೋಲಿಗೆ ಹೋದರೆ ಕುರಿಯವನಿಗೆ ಉಳಿಯುವುದೇನು? ದಾರಿಯಲ್ಲಿ ಹುಟ್ಟಿದ ಮರಿಯನ್ನು ಎತ್ತಿಕೊಳ್ಳಲು ಕೈಯಿಲ್ಲ, ಮುಳ್ಳುಬೇಲಿ ಸರಿಸಲು ಕೈಯಿಲ್ಲ. ಮಂದೆಯನ್ನು ಆಗ ನೋಡಿಕೊಳ್ಳುತ್ತಿದ್ದವನು ಭಾವಮೈದ. ಬೀರಣ್ಣ ನಡೆಯಲಾರನೆಂದರೆ ಅದು ಭಾವಮೈದನ ಮಂದೆಯೇ ಆಗಿಬಿಡುತ್ತದೆ. ಬೀರಣ್ಣ ಜಗುಲಿಯ ಮೇಲೆ ಕೂತು, ಬೆಳಿಗ್ಗೆ ಎದ್ದು ಹೋಗುವ ಧೂಳನ್ನೂ ಸಂಜೆ ಬಂದು ಸೇರುವ ಧೂಳನ್ನೂ ನೋಡಬೇಕು. ಅವನ ಹೆಂಡತಿ ಮಾದಮ್ಮ ದಿನವೂ ರಾಗಿಮುದ್ದೆಯ ಗಂಟಿನ ಜೊತೆ ಬಂದು ಕೂರುತ್ತಿದ್ದಳು. “ತೋಳನ್ನ ಅಟ್ಟಿಸ್ಕೊಂಡು ಓದ ಗಂಡ್ಸು ನೋಡು,” ಎನ್ನುವಳು ನನಗೆ ಕೇಳುವ ಹಾಗೆ, “ಈಗ ನೆಲ ಕಂಡ್ರೆ ನಡುಗ್ತಾನೆ.” ಹೀಗೆ ಅಂದವಳು ಮರುಕ್ಷಣವೇ ಅವನ ಕಾಲಡಿಯ ಕಂಬಳಿಯನ್ನು ಸರಿಮಾಡುವಳು.

ನಾನು ನನ್ನ ಬತ್ತಳಿಕೆಯಲ್ಲಿದ್ದ ಬಾಣಗಳನ್ನೆಲ್ಲ ಬಿಟ್ಟೆ. ಡಾಕ್ಟರಾಗಿ ಕೆಮ್ಮಿದೆ, ಮಿಸ್ಸಿಯಮ್ಮನಾಗಿ, ಕುತ್ತಿಗೆ ಉದ್ದಮಾಡಿ, “ಮೆದುವಾ, ಮೆದುವಾ”, ಮೆಲ್ಲಗೆ ಮೆಲ್ಲಗೆ ಎಂದು ಉಸುರಿದೆ, ಪಕ್ಕದ ಮಂಚದವರು ಹೊಟ್ಟೆ ಹಿಡಿದುಕೊಂಡು ನಕ್ಕರೂ ಬೀರಣ್ಣನ ಮೀಸೆ ಅಲುಗಲಿಲ್ಲ. ಕೊನೆಗೊಂದು ದಿನ ಬೇಸತ್ತು ಕುರಿಯ ಹಾಗೆ ಅರಚಿದೆ. ಆಗ ಅವನು ಕಣ್ಣು ತೆರೆದ.

“ಅದ್ಯಾವ ಕುರೀಲಾ?”

“ಕುರಿ ಅಂದರೆ ಕುರಿ, ಬೀರಣ್ಣಾ.”

“ಥೂ! ಅಸ್ದ ಕುರಿ ಅಂಗೆ ಅರ್ಚಾಕಿಲ್ಲ. ಮರಿ ಕಳ್ಕೊಂಡದ್ದೂ ಅಂಗೆ ಅರ್ಚಾಕಿಲ್ಲ. ಒಟ್ಟೆನೋವು ಬಂದ ಮೇಷ್ಟ್ರು ಅಂಗೆ ಅರ್ಚ್ತಾನೆ ನೋಡು.” ಹೀಗೆಂದವನು ಎರಡು ಬಗೆಯನ್ನೂ ತಾನೇ ಅರಚಿ ತೋರಿಸಿದ. ಮರಿ ಕಳೆದುಕೊಂಡ ಕುರಿಯ ದನಿ ಆ ಗಂಟಲಿನಿಂದ ಹೊರಟಾಗ ಕೋಣೆಯಲ್ಲಿ ಯಾರೂ ನಗಲಿಲ್ಲ.

ಅಂದಿನಿಂದ ನಮ್ಮಿಬ್ಬರಿಗೆ ಅದೇ ಪಾಠ. ನಾನು ಕಾಲು ನೀವುತ್ತ ತಪ್ಪಾಗಿ ಅರಚುವುದು, ಅವನು ನನ್ನನ್ನು ಬೈದು ತಿದ್ದುವುದು. ತಿದ್ದುವ ಉತ್ಸಾಹದಲ್ಲಿ ಮಂಡಿ ಎಷ್ಟು ಮಡಚಿತೆಂಬುದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಆ ಸಲಿಗೆಯಲ್ಲೇ ಒಮ್ಮೆ ತನ್ನ ಭಯದ ಬುಡವನ್ನೂ ತೋರಿಸಿದ. ಕಾಲು ಮುರಿದ ಕುರಿಗಳಿಗೆ ಬಿದಿರುದಬ್ಬೆ ಕಟ್ಟಿ ಅವನಿಗೇ ಅಭ್ಯಾಸ. “ಆತುರ ಬಿದ್ದು ನಿಂತ ಕುರಿಗೆ ಅದೇ ಜಾಗ್ದಾಗೆ ತಿರ್ಗ ಮುರಿತೈತೆ, ತಮ್ಮಾ. ಎಲ್ಡನೇ ದಪ ಮುರುದ್ರೆ ಅದು ಮಂದೆಗಿಲ್ಲ, ಕಸಾಯಿಗೆ. ನಾನೇ ಇಡ್ಕೊಟ್ಟೀನಿ.” ಆಮೇಲೆ ಮೆಲ್ಲಗೆ, “ಅದು ಮುರಿವಾಗ ಆಗೋ ಸದ್ದು ನಿಂಗೊತ್ತಿಲ್ಲ,” ಎಂದ. ನನ್ನ ನಾಲಿಗೆಗೆ ಆ ಸದ್ದನ್ನು ಅಣಕಿಸುವ ಮನಸ್ಸಾಗಲಿಲ್ಲ.

ಡಾಕ್ಟರು ಹೇಳಿದ ವಾರ ಮುಗಿಯುತ್ತಿತ್ತು. ಬೀರಣ್ಣ ಬೆಂಚಿನ ಮೇಲೆ ಕೂತಿದ್ದ, ಮಾದಮ್ಮ ಬಾಗಿಲಲ್ಲಿ. ಅವನ ಮೊಗ ಬಾಡಿದ್ದು ನೋಡಲಾರದೆ, ಮಾದಮ್ಮ ಮನೆಯಿಂದ ತಂದು ಮೂಲೆಯಲ್ಲಿಟ್ಟಿದ್ದ ಅವನದೇ ಕುರಿಗೋಲನ್ನು ತೆಗೆದುಕೊಂಡು, ಅವನೆದುರಿಗೆ ಕಿಟಕಿಯ ಬಳಿ ನಿಂತು, ಹೊಲದ ಬದುವಿನ ಮೇಲೆ ನಿಲ್ಲುವ ಕುರಿಯವನಾದೆ. ನೀವೂ ನೋಡಿರುತ್ತೀರಿ: ಒಂದೇ ಕಾಲ ಮೇಲೆ ನಿಂತು, ಇನ್ನೊಂದು ಪಾದವನ್ನು ಮಂಡಿಗೆ ಒತ್ತಿ, ಕಂಕುಳಿಗೆ ಕೋಲು ಕೊಟ್ಟು, ಗಂಟೆಗಟ್ಟಲೆ ಕೊಕ್ಕರೆಯ ಹಾಗೆ ಅಲುಗದೆ ನಿಲ್ಲುವರಲ್ಲ, ಆ ಭಂಗಿ. ರಸ್ತೆಬದಿಯಲ್ಲಿ ಎದುರಿಗೆ ನಿಂತು ನೋಡಿ ನೋಡಿ ಕಲಿತದ್ದು. ಅದನ್ನು ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಕುರಿಯವರೂ ನಿಲ್ಲಲಾರರೆಂದು ನನ್ನ ನಂಬಿಕೆ.

ಬೀರಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೆರಳಿದ. “ಲೇ ಲೇ ಲೇ! ಎಡಗಾಲ ಮ್ಯಾಲೆ ನಿಂತಿದ್ದೀಯಲ್ಲಾ, ನಿಂಗ್ಯಾರ್ಲಾ ಕಲ್ಸಿದ್ದು?”

“ಯಾವ ಕಾಲಾದರೇನು?”

“ಕೋಲು ಬಲಗಂಕುಳ್ದಾಗೆ ಐತೆ. ತೋಳ ಬಂದ್ರೆ ಕಲ್ಲು ಯಾವ ಕೈಲಿ ಬೀಸ್ತೀಯಾ? ಬಾಯಾಗಾ?” ಎಂದವನೇ ಮುಂದಕ್ಕೆ ಬಾಗಿ ನನ್ನ ಕೋಲನ್ನು ಕಿತ್ತುಕೊಂಡ. “ನೋಡಿಲ್ಲಿ ಇಂಗೆ. ನಮ್ಮಪ್ಪ ಇಂಗೆ ನಿಂತ, ಅವರಪ್ಪನೂ ಇಂಗೇ ನಿಂತ. ಕೋಲು ಎಡಕ್ಕೆ. ಬಲಗೈ ಕಲ್ಲಿಗೆ. ಕಾಲು...”

ಎದ್ದ. ಕೋಲನ್ನು ಎಡಗಂಕುಳಿಗೆ ಕೊಟ್ಟ. ಎಡ ಪಾದವನ್ನು ಎತ್ತಿ ಬಲ ಮಂಡಿಗೆ ಒತ್ತಿದ. ನಿಂತ.

ಎದುರಿಗೆ ನಿಂತು ಕಲಿಯುವವನಿಗೆ ಅವರ ಬಲ ತನ್ನ ಎಡವಾಗುತ್ತದೆಂಬುದು ಇಷ್ಟು ವರ್ಷ ಕನ್ನಡಿ ನೋಡಿಕೊಂಡ ನನಗೆ ಹೊಳೆದಿರಲಿಲ್ಲ. ಆದರೆ ಆ ಹೊತ್ತಿಗೆ ಅದನ್ನು ಯೋಚಿಸಿದವರಾರು? ನನ್ನ ಗಂಟಲಿಗೆ ಒಂದು ಕೂಗು ಬಂದು ನಿಂತಿತ್ತು. ಕೂಗಿದರೆ ಅವನು ಕೆಳಗೆ ನೋಡುವನು, ನೋಡಿದರೆ ಹೆದರುವನು, ಹೆದರಿದರೆ ಬೀಳುವನು. ಹುಟ್ಟಿದಾಗಿನಿಂದ ಮುಚ್ಚಿ ಗೊತ್ತಿಲ್ಲದ ಬಾಯಿಯನ್ನು ಮುಚ್ಚುವುದು ಎಂಥ ಕಸರತ್ತೆಂದು ನಿಮಗೆ ಹೇಗೆ ಹೇಳಲಿ! ಕಷ್ಟಪಟ್ಟು ಜಗಳವನ್ನೇ ಮುಂದುವರಿಸಿದೆ: “ಕಂಬಳಿ ಯಾವ ಹೆಗಲಿಗೆ?”

“ಎಡಕ್ಕೆ,” ಎಂದಳು ಬಾಗಿಲಿನಿಂದ ಮಾದಮ್ಮ. ಅವಳೂ ಕಂಡಿದ್ದಳು. ದನಿ ಮಾತ್ರ ಸಂತೆಯಲ್ಲಿ ಹುಣಸೆಹಣ್ಣು ಕೇಳುವವಳಂತೆ ಸಮವಾಗಿತ್ತು. ಕೈ ಬಾಗಿಲುವಾಡವನ್ನು ಹಿಡಿದಿತ್ತು.

“ಎಡಕ್ಕೇ ಮತ್ತೆ,” ಎಂದ ಬೀರಣ್ಣ ಗೆದ್ದವನಂತೆ. ಆಮೇಲೆ ಕೋಣೆ ಯಾಕಿಷ್ಟು ಸದ್ದಡಗಿದೆಯೆಂದು ಅವನಿಗೇ ಅನುಮಾನ ಬಂದಿರಬೇಕು. ಮೆಲ್ಲಗೆ ತಲೆ ಬಗ್ಗಿಸಿದ. ತನ್ನ ಬಲಗಾಲನ್ನು ನೋಡಿದ. ಮೀಸೆಯ ತುದಿ ಅದುರಿತು. “ಮಾದೀ... ನಿಂತೀನೇನೇ?”

“ಇಲ್ಲ, ಮಲ್ಗಿದ್ದೀಯಾ,” ಎಂದಳು ಮಾದಮ್ಮ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು.

ಬೀರಣ್ಣ ಬೀಳಲಿಲ್ಲ. ಎಡಗಾಲನ್ನು ಇಳಿಸಿ, ಎರಡೂ ಕಾಲಿಗೆ ಭಾರ ಹಂಚಿ, ಬೆಂಚಿನ ಮೇಲೆ ಕೂತು, ಆ ತೊಡೆಯನ್ನು ದೂರದೂರಿನಿಂದ ಬಂದ ನೆಂಟನ ಬೆನ್ನು ಸವರುವಂತೆ ಸವರಿದ. ಬಿದ್ದವನು ನಾನು. ಕೋಲನ್ನು ಅವನು ಕಿತ್ತುಕೊಂಡಾಗಿನಿಂದ ಅದೇ ತಪ್ಪು ಕಾಲ ಮೇಲೆ, ಆಸರೆಯಿಲ್ಲದೆ, ಉಸಿರು ಬಿಗಿಹಿಡಿದು ನಿಂತಿದ್ದೆನೆಂಬುದು ನನಗೆ ಮರೆತೇಹೋಗಿತ್ತು. ಉಸಿರು ಬಿಟ್ಟದ್ದೇ ವಾಲಿದೆ, ಗೋಡೆಗೆ ಎಣ್ಣೆಗೈ ಚಾಚಿದೆ, ಗೀರೆಳೆದುಕೊಂಡು ನೆಲಕ್ಕೆ ಬಂದೆ. ಮೀಸೆ ಅಲುಗದ ಬೀರಣ್ಣ ಅಂದು ನಕ್ಕ ನಗುವಿಗೆ ಮಿಸ್ಸಿಯಮ್ಮ “ಮೆದುವಾ” ಎನ್ನುತ್ತ ಓಡಿಬಂದಳು.

ಊರುಗೋಲುಗಳನ್ನು ಬಡಗಿ ವಾಪಸು ಒಯ್ದ. ಕೆಲಕಾಲದ ಮೇಲೆ ಸೇಲಂ ಬಸ್ಸಿನಲ್ಲಿ ಹೋಗುವಾಗ ನಲ್ಲಂಪಳ್ಳಿಯಾಚೆ ಬೀರಣ್ಣನನ್ನು ಕಂಡೆ. ಮಂದೆಯ ನಡುವೆ, ಬಲಗಾಲ ಮೇಲೆ, ಕೊಕ್ಕರೆಯಂತೆ. ಕಿಟಕಿಯಿಂದ ಕೂಗಿದೆ. ಅವನು ಕೈ ಬೀಸಲಿಲ್ಲ. ಪಕ್ಕದ ಭಾವಮೈದನಿಗೆ ನನ್ನನ್ನು ತೋರಿಸಿ, ಎರಡೂ ಕೈ ಚಾಚಿ, ಕಣ್ಣರಳಿಸಿ, ಇಲ್ಲದ ಗೋಡೆಯನ್ನು ತಡಕಾಡುತ್ತ ಬೀಳುವವನಂತೆ ವಾಲಿ ತೋರಿಸಿದ. ಎಷ್ಟು ಚೆನ್ನಾಗಿ ವಾಲಿದನೆಂದರೆ ನನ್ನ ಬೆನ್ನು ಮತ್ತೆ ನೊಂದಿತು. ಇನ್ನೊಬ್ಬರ ಮೈಯನ್ನು ನಮ್ಮ ಮೈಗೆ ತಂದುಕೊಳ್ಳುವುದು ನನ್ನೊಬ್ಬನ ವಿದ್ಯೆಯೆಂದುಕೊಂಡಿದ್ದೆ. ನಾನು ಅವನ ಕಾಲನ್ನು ಓದುತ್ತಿದ್ದಷ್ಟೂ ದಿನ ಅವನು ನನ್ನನ್ನು ಓದುತ್ತಿದ್ದ.

ಮೊನ್ನೆ ಮುನಿಯಪ್ಪ ಮತ್ತೆ ಸುಣ್ಣದ ಡಬ್ಬಿಯೊಂದಿಗೆ ಬಂದಿದ್ದ. ಮೆರವಣಿಗೆಯ ಕೈಗಳನ್ನೆಲ್ಲ ಬಯ್ಯುತ್ತ ಬಯ್ಯುತ್ತ ಕಿಟಕಿಯ ಬಳಿ ಬಂದು ನಿಂತ. “ಈವಯ್ಯ ಭಾಳ ನರಳಿರಬೇಕು ಕಣಪ್ಪಾ, ಇಡ್ಕೊಳಾಕೂ ಆಗ್ದೆ ಜಾರೋಗೌನೆ ನೋಡು. ಯಾರ್ದು ಇದು? ವಾಸಿ ಆಯ್ತಾ ಪಾಪ?”

ನಾನು ಹೋಗಿ ನನ್ನ ಅಂಗೈಯನ್ನು ಆ ಗುರುತಿನ ಮೇಲಿಟ್ಟೆ. ಐದು ಬೆರಳೂ ಸರಿಯಾಗಿ ಕೂತವು.